ಚೀಲದ ಬಾಯಿ

ಚೌಕಿಪೇಟೆಯಲ್ಲಿ, ಸೀರೆ ಅಂಗಡಿಯ ಮೇಲಿನ ಕೋಣೆ.
ಹದಿನಾಲ್ಕು ತಿಂಗಳು ನಾನೂ ಪಾಲಾಕ್ಷಿಯೂ
ಬಾಗಿಲು ಹಾಕಿಕೊಂಡು
ಮಂಡಕ್ಕಿ ಭಟ್ಟಿಯವರ ಲೆಕ್ಕಕ್ಕೊಂದು ಸಾಫ್ಟ್‌ವೇರ್ ಬರೆದೆವು,
ಒಂದು ದಿನವೂ ಭಟ್ಟಿಯ ಕಡೆ ಹೋಗದೆ.

ಹೋಗುವುದೇಕೆ? ಮಂಡಕ್ಕಿ ತಿಂದೇ ಬೆಳೆದವರಲ್ಲವೆ ನಾವು.

ಏಳು ಬಣ್ಣದ ಗ್ರಾಫು. ರಾತ್ರಿಗೆ ಕಪ್ಪು ಪರದೆ.
ಯಾರೂ ಕೇಳದಿದ್ದರೂ ಭತ್ತದ ತೇವಕ್ಕೊಂದು ಕಾಲಂ.
ಲೋಗೋ ಒಂದಕ್ಕೇ ಹತ್ತೊಂಬತ್ತು ದಿನ:
ಹಾರುವ ಕಾಳು ಎಡಕ್ಕೆ ಬಾಗಬೇಕೋ, ಬಲಕ್ಕೋ.

ಬೆಲೆ ಇಡುವಾಗ ಮಾತ್ರ ನಾಲಿಗೆ ಒಣಗಿತು.
"ತೊಂಬತ್ತೊಂಬತ್ತು" ಎಂದ ಪಾಲಾಕ್ಷಿ,
ಕದ್ದು ಸಿಕ್ಕಿಬಿದ್ದವನ ದನಿಯಲ್ಲಿ.
ತಿಂಗಳಿಗೆ ತೊಂಬತ್ತೊಂಬತ್ತು. ಮೊದಲ ಆರು ತಿಂಗಳು ಬಿಟ್ಟಿ.
ಪರಿಚಯದವರಿಗೆ ಇನ್ನಾರು.
ದಾವಣಗೆರೆಯಲ್ಲಿ ಪರಿಚಯವಿಲ್ಲದವರು ಯಾರು?

ಮೊದಲ ವಾರವೇ ನೂರಾ ಎಂಬತ್ತು ಹೆಸರು.
ಆಳೆತ್ತರದ ಚೀಲ ಹೆಗಲಿಗೇರಿಸಿದವರ ಹಾಗೆ ಕುಣಿದೆವು,
ಮಂಡಕ್ಕಿ ಚೀಲದ ತೂಕ ಎಷ್ಟೆಂದು ಗೊತ್ತಿದ್ದೂ.

ಆಮೇಲೆ ಸದ್ದಿಲ್ಲ.
ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.
ಮಂಡಕ್ಕಿ ಕೆಡುವುದೂ ಹಾಗೇ,
ಹುಳಿಯುವುದಿಲ್ಲ, ನಾರುವುದಿಲ್ಲ,
ಬಾಯಿ ಕಟ್ಟದ ಚೀಲದೊಳಗೆ
ಒಂದೊಂದೇ ಕಾಳು ಮೆತ್ತಗಾಗುತ್ತದೆ.
ಕಡಿದವನಿಗಷ್ಟೇ ಗೊತ್ತು.
ನಾವು ಕಡಿದು ನೋಡಲಿಲ್ಲ; ಇನ್ನೊಂದು ಚೀಲ ತುಂಬಲು ಓಡಿದೆವು.
ಗಡಿಯಾರ ಕಂಬದ ಹತ್ತಿರ ಬ್ಯಾನರು, ಆಟೋಗಳ ಬೆನ್ನಿಗೆ ಕರಪತ್ರ,
ಅದಕ್ಕೆ ಪಾಲಾಕ್ಷಿಯ ಹೆಂಡತಿಯ ಎರಡು ಬಳೆ.

ಕೊಟ್ರಮ್ಮನ ಖಾನಾವಳಿಯಲ್ಲಿ ನಮ್ಮದು ತಿಂಗಳ ಕಾರ್ಡು.
ಅರವತ್ತು ಚೌಕ, ಊಟಕ್ಕೊಂದು ತೂತು.
ಯಾರಿಗೂ ಮುಖ ಕೊಡಲಾಗದೆ
ಮೂರು ಹೊತ್ತು ಅತ್ತ ಸುಳಿದಿರಲಿಲ್ಲ.
ರಾತ್ರಿ ಒಂಬತ್ತಕ್ಕೆ ಬಾಗಿಲು ತಟ್ಟಿದ ಹುಡುಗನ ಕೈಲಿ ಡಬ್ಬಿ:
"ಜ್ವರಾನಾ, ಊಟ ಸೇರ್ಲಿಲ್ವಾ, ಕೇಳ್ಕೊಂಡ್ ಬಾ ಅಂದ್ರು ಅಮ್ಮಾರು.
ಸಾರಿಗೆ ಖಾರ ಜಾಸ್ತಿ ಆಗಿದ್ರೆ ಹೇಳ್ಬೇಕಂತೆ."

ಜೋಳದ ರೊಟ್ಟಿ, ಎಣ್ಣೆಗಾಯಿ.
ಪಾಲಾಕ್ಷಿ ರೊಟ್ಟಿ ಮುರಿದವನು ಹಾಗೇ ಕೂತ.
"ನೂರಾ ಎಂಬತ್ತು ಜನ ಕಣೋ.
ಒಬ್ಬರ ಬಾಗಿಲಾದ್ರೂ ತಟ್ಟಿದ್ವಾ?"

ಬೆಳಗ್ಗೆ ಭಟ್ಟಿ ಸಾಲಿಗೆ ಹೋದೆ.
ಹೊಗೆ. ಕಾದ ಮರಳು. ಹೊಟ್ಟು ಉರಿಯುವ ಒಲೆ.
ಜಬೀವುಲ್ಲಾ ಸಾಹೇಬರು ಜರಡಿ ಆಡಿಸುತ್ತಲೇ ಅಂದರು,
"ಓ, ನಿಮ್ದಾ ಅದು? ಮೊಮ್ಮಗಳು ಹಾಕ್ಕೊಟ್ಟಿದ್ಲು. ಚೆನ್ನಾಗೈತೆ.
ತೆಗ್ದು ನೋಡಿಲ್ಲ."

ಗೋಡೆ ತೋರಿಸಿದರು. ಇದ್ದಿಲ ಗೆರೆಗಳು.
ಹರಿಹರದ ಅಂಗಡಿ ಇಪ್ಪತ್ತೆರಡು ಚೀಲ, ಮಲೇಬೆನ್ನೂರು ಒಂಬತ್ತು;
ಅಡ್ಡ ಹೊಡೆದದ್ದು ಬಂದ ದುಡ್ಡು,
ನೆಟ್ಟಗೆ ನಿಂತದ್ದು ಬಾರದ್ದು. ನಿಂತವೇ ಹೆಚ್ಚು.
"ಲೆಕ್ಕ ನಂಗ್ ಬರ್ತದಪ್ಪ. ಕೇಳಾಕ್ ಬರಲ್ಲ.
ಮೂವತ್ತು ವರ್ಷದ ಗಿರಾಕಿ, ಬಾಕಿ ಕೊಡು ಅನ್ನಾಕ್ ಬಾಯಿ ಏಳಲ್ಲ.
ನಿಮ್ ಮಿಷನ್ ಕೇಳ್ತದಾ? ಮೆತ್ತಗೆ?"

ಏಳು ಬಣ್ಣದ ಗ್ರಾಫಿನಲ್ಲಿ ಆ ಒಂದು ಗುಂಡಿ ಇರಲಿಲ್ಲ.
ಕೇಳ್ತದೆ, ಅಂದೆ.
ಎಷ್ಟು, ಅಂದರು.
ತೊಂಬತ್ತೊಂಬತ್ತು ತುಟಿಯವರೆಗೆ ಬಂತು. ನುಂಗಿದೆ.
"ನಾನೂರು."

ಜರಡಿ ನಿಂತಿತು.
ಬಿಸ್ಕತ್ತಿನ ಡಬ್ಬದಿಂದ ನೂರರ ಎರಡು ನೋಟು ತೆಗೆದು ಕೊಟ್ಟರು.
ಆಮೇಲೆ ಗೋಡೆಯ ಖಾಲಿ ಮೂಲೆಯಲ್ಲಿ
ನನ್ನ ಹೆಸರಿಗೂ ಎರಡು ಗೆರೆ ಎಳೆದು, ಕೈ ಒರೆಸಿಕೊಂಡರು:
"ಇನ್ನಿನ್ನೂರು ಬಾಕಿ.
ಹೆಂಗ್ ಕೇಳ್ತದೋ ನೋಡಾಣ."